ರಾಕೆಟ್ಟಿಗೂ ಉಪ್ಪು ಬೇಕು

ಪ್ರಶ್ನೆ: ನಮಸ್ಕಾರ ಸಾರ್. ಮಗಳಿಗೆ ಕೆಮಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಅವಳಿಗೆ ಇಸ್ರೋ ಅಂದ್ರೆ ಪ್ರಾಣ. ‘ಅಲ್ಲಿ ಕೆಮಿಕಲ್‌ನವರಿಗೆ ಏನು ಕೆಲಸ? ಮೆಕ್ಯಾನಿಕಲ್ ತೆಗೆದುಕೊಳ್ಳಲಿ’ ಅಂತಾರೆ ನೆಂಟರು. ಏನು ಮಾಡಲಿ?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಸೀಟು ಬಿಡಬೇಡಿ ಅಮ್ಮ. ಪಣಂಬೂರಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ 31 ವರ್ಷ ದುಡಿದವನು ನಾನು. ಧೈರ್ಯವಾಗಿಯೇ ಹೇಳುತ್ತೇನೆ.

ಚಂದ್ರಯಾನ-3 ಹೊತ್ತೊಯ್ದ ಎಲ್‌ವಿಎಂ3 ರಾಕೆಟ್ಟಿನ ತೂಕ ಸುಮಾರು 640 ಟನ್. ಅದರಲ್ಲಿ ಪಕ್ಕದ ಎರಡು ಬೂಸ್ಟರ್‌ಗಳ ಘನ ಇಂಧನವೇ 400 ಟನ್ನಿಗೂ ಜಾಸ್ತಿ. ಆ ಇಂಧನದ ದೊಡ್ಡ ಪಾಲು ಅಮೋನಿಯಂ ಪರ್ಕ್ಲೋರೇಟ್, ಅಂದರೆ ಉರಿಯಲು ಆಮ್ಲಜನಕ ಕೊಡುವ ಪುಡಿ. ಅದರ ಮೂಲ ಯಾವುದು ಗೊತ್ತಾ? ನಾವು ಗಂಜಿಗೆ ಹಾಕುವ ಉಪ್ಪು. ಉಪ್ಪುನೀರಿಗೆ ಕರೆಂಟು ಹಾಯಿಸಿ ಹಂತ ಹಂತವಾಗಿ ಮಾಡುತ್ತಾರೆ. ಇದಕ್ಕೆಂದೇ ಇಸ್ರೋ ಕೇರಳದ ಆಲುವಾದಲ್ಲಿ ಘಟಕ ಕಟ್ಟಿಕೊಂಡಿದೆ.

ಈ ಪುಡಿಯನ್ನೂ ಅಲ್ಯೂಮಿನಿಯಂ ಪುಡಿಯನ್ನೂ ಎಚ್‌ಟಿಪಿಬಿ ಎಂಬ ಜೇನಿನಂಥ ದ್ರವದಲ್ಲಿ ಕಲಸಿ ಮೋಟಾರಿನ, ಅಂದರೆ ಬೂಸ್ಟರಿನ, ಕವಚಕ್ಕೆ ಹೊಯ್ಯುತ್ತಾರೆ, ನೀವು ಹಾಲುಬಾಯಿಯನ್ನು ಹರಿವಾಣಕ್ಕೆ ಹೊಯ್ಯುವ ಹಾಗೆ. ಬಿಸಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಹಾಲುಬಾಯಿಯಲ್ಲಿ ನಾಲ್ಕು ಗುಳ್ಳೆ ಉಳಿದರೆ ಯಾರೂ ಕೇಳುವುದಿಲ್ಲ. ಇಲ್ಲಿ ಗುಳ್ಳೆಯೋ ಬಿರುಕೋ ಇದ್ದರೆ ಬೆಂಕಿ ತಗಲುವ ಜಾಗ ಹೆಚ್ಚುತ್ತದೆ, ಒತ್ತಡ ಏರಿ ಮೋಟಾರೇ ಸಿಡಿಯಬಹುದು. ಪುಡಿ ನಯವಾದಷ್ಟೂ ಬೇಗ ಉರಿಯುತ್ತದೆ, ತರಿಯಾದರೆ ನಿಧಾನ. ಹಾಗಾಗಿ ಎರಡನ್ನೂ ಅಳೆದು ಬೆರೆಸಬೇಕು. ಇದು ಯಾರ ಕೆಲಸ? ನಿಮ್ಮ ಮಗಳದೇ ಅಲ್ವಾ?

ಪ್ರಮಾಣ ನೋಡಿದರೆ ಇದು ದೊಡ್ಡ ವ್ಯಾಪಾರವೇನಲ್ಲ. ದೊಡ್ಡ ಯೂರಿಯಾ ಕಾರ್ಖಾನೆ 400 ಟನ್ನನ್ನು ಒಂದೇ ದಿನದಲ್ಲಿ ತೆಗೆಯುತ್ತದೆ. ರಾಕೆಟ್ಟಿನವರು ಕೇಳುವುದು ಶುದ್ಧತೆ. ಕೆಲವು ರಾಕೆಟ್ಟುಗಳು ಉರಿಸುವ ಸೀಮೆಎಣ್ಣೆಯನ್ನೇ ತೆಗೆದುಕೊಳ್ಳಿ. ಎಂಜಿನ್ನಿನ ಸಣ್ಣ ನಾಳಗಳಲ್ಲಿ ಮಸಿ ಕಟ್ಟಬಾರದು ಅಂತ ಅದರ ಗಂಧಕವನ್ನೆಲ್ಲ ತೆಗೆದು ಸೋಸಬೇಕು. ಅಂಥ ಒತ್ತಾಯ ಬಂದಾಗಲೇ ನಮ್ಮ ಕಸುಬು ಹೊಸದನ್ನು ಕಲಿಯುವುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1986ರಲ್ಲಿ ಚಾಲೆಂಜರ್ ಎಂಬ ಬಾಹ್ಯಾಕಾಶ ಷಟಲ್ ದುರಂತವಾಗಿ ಅಮೆರಿಕದ ಷಟಲ್‌ಗಳ ಹಾರಾಟ ನಿಂತಿತು. ಅವುಗಳ ಬೂಸ್ಟರ್‌ಗೂ ಇದೇ ಪರ್ಕ್ಲೋರೇಟ್ ಬೇಕಿತ್ತು, ಹಾಗಾಗಿ ನೆವಾಡಾದ ಹೆಂಡರ್ಸನ್ನಿನ ಕಾರ್ಖಾನೆಯೊಂದರಲ್ಲಿ ಅದು ಖರ್ಚಾಗದೆ ರಾಶಿ ಬಿತ್ತು. 1988ರ ಮೇ 4ರಂದು ಅದಕ್ಕೆ ಬೆಂಕಿ ತಗುಲಿ ಸ್ಫೋಟವಾಯಿತು. ಇಬ್ಬರು ಸತ್ತರು, ನೂರಾರು ಜನ ಗಾಯಗೊಂಡರು. ಲ್ಯಾಬಿಗೆ ಹೊಸಬರು ಬಂದಾಗಲೆಲ್ಲ ನಾನು ಮೊದಲ ದಿನವೇ ಈ ಕಥೆ ಹೇಳುತ್ತಿದ್ದೆ. ಸೇಫ್ಟಿ ಪೇಪರನ್ನು ಸುಮ್ನೆ ಪಾಸಾಗಲು ಓದಬೇಡ ಅಂತ ಮಗಳಿಗೂ ಹೇಳಿ.