ನೆಲನೆಲ್ಲಿ ಎಷ್ಟು ಕೊಡಬೇಕು ಎಂದು ಕೇಳುವ ಮುನ್ನ

ಮಳೆ ಹಿಡಿದರೆ ನೆಲನೆಲ್ಲಿ ಚಿಗುರುತ್ತದೆ, ಕಾಮಾಲೆಯೂ ಹರಡುತ್ತದೆ. ಎರಡೂ ಒಟ್ಟಿಗೇ ಬರುವುದರಿಂದ ಒಂದಕ್ಕೊಂದು ಮದ್ದೆಂದು ದೇವರೇ ಜೋಡಿಸಿಟ್ಟಿದ್ದಾನೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬಂದಿರುವ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉದ್ದ ಉತ್ತರ ಬೇಕು. ಮಿಕ್ಕವಕ್ಕೆ ಬೇಡ.

ಪ್ರಶ್ನೆ: ಮಗನಿಗೆ 19 ವರ್ಷ. ಕಾಮಾಲೆಯಾಗಿ ಬಿಲಿರುಬಿನ್ 6 ಇದೆ. ನಮ್ಮ ಅಡಿಕೆ ತೋಟದಲ್ಲಿ ನೆಲನೆಲ್ಲಿ ಬೇಕಾದಷ್ಟಿದೆ. ಎಷ್ಟು ಗಿಡ ಅರೆದು, ಯಾವುದರಲ್ಲಿ, ಎಷ್ಟು ದಿನ ಕೊಡಬೇಕು? ಉಪ್ಪು, ಎಣ್ಣೆ ಈಗಾಗಲೇ ಬಿಡಿಸಿದ್ದೇವೆ.

ಮೈ, ಕಣ್ಣು ಹಳದಿ ಮಾಡುವ ರಕ್ತದ ಅಂಶವಾದ ಬಿಲಿರುಬಿನ್ 6 ಎಂದಷ್ಟೇ ಬರೆದಿದ್ದೀರಿ. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಎಷ್ಟು, ಪಿತ್ತದ ಹರಿವು ತಡೆದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಎಷ್ಟು, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಐಎನ್‌ಆರ್ ಎಷ್ಟು? ಒಂದೂ ಇಲ್ಲ. ಆರು ಎಂಬ ಅಂಕಿ ಕಣ್ಣು ಎಷ್ಟು ಹಳದಿ ಎಂದು ಹೇಳುತ್ತದೆಯೇ ಹೊರತು ಏಕೆ ಹಳದಿ ಎಂದು ಹೇಳುವುದಿಲ್ಲ. ಎಸ್‌ಜಿಪಿಟಿ ಸಾವಿರ ದಾಟಿದ್ದರೆ ಬಹುಪಾಲು ವೈರಸ್ಸಿನ ಯಕೃತ್ತಿನ ಉರಿಯೂತ. ಎಸ್‌ಜಿಪಿಟಿ ಅಷ್ಟೇನೂ ಏರದೆ ಆಲ್ಕಲೈನ್ ಫಾಸ್ಫಟೇಸ್ ಏರಿ, ಮೈ ತುರಿಸುತ್ತ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಪಿತ್ತನಾಳ ಎಲ್ಲೋ ಕಟ್ಟಿಕೊಂಡಿರಬಹುದು. ಆಗ ಬೇಕಾದದ್ದು ಅಲ್ಟ್ರಾಸೌಂಡ್, ಅರೆಯುವ ಕಲ್ಲಲ್ಲ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಮೂತ್ರ ಕಡಿಮೆ ಎಂದಿದ್ದರೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಮೊದಲು ನೆನಪಾಗಬೇಕಾದ್ದು ಇಲಿಜ್ವರ. ಗದ್ದೆ ತೋಟಗಳ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಬರುವ ಈ ಕಾಮಾಲೆಗೆ ಆಂಟಿಬಯೋಟಿಕ್ ಬೇಕೇ ಬೇಕು. ನೆಲನೆಲ್ಲಿ ಕುಡಿಸುತ್ತ ನಾಲ್ಕು ದಿನ ಕಳೆದರೆ ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿರಬಹುದು.

ಇನ್ನು ನಿಮ್ಮ ತೋಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿರುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ, ಮಳೆಗೆ ಮುನ್ನ ಒಂದು ಸಲ, ನಡುವೆ ಬಿಡುವು ಸಿಕ್ಕಾಗ ಇನ್ನೊಂದು ಸಲ. ಗೊನೆಗೆ ಹೊಡೆದದ್ದು ತೊಟ್ಟಿಕ್ಕುವುದು ಎಲ್ಲಿಗೆ? ಬುಡದಲ್ಲಿರುವ ಇದೇ ಗಿಡಗಳ ಮೇಲೆ. ಯಕೃತ್ತು ಬಾತವನಿಗೆ ತಾಮ್ರ ಹತ್ತಿದ ಸೊಪ್ಪು ಅರೆದು ಕುಡಿಸುವುದಕ್ಕಿಂತ ಸುಮ್ಮನಿರುವುದು ಮೇಲು. ಕಳೆನಾಶಕ ಬಳಸಿದ ಕಾಫಿ ತೋಟ, ಹೆದ್ದಾರಿಯ ಅಂಚು, ದನದ ಕೊಟ್ಟಿಗೆಯ ಚರಂಡಿ ಪಕ್ಕ, ಇವೂ ಬೇಡ. ಸಿಂಪಡಣೆ ಕಾಣದ ಹಿತ್ತಿಲು ಇದ್ದರೆ ಮಾತ್ರ ಮುಂದೆ ಓದಿ.

ನೀವು ನೆಲನೆಲ್ಲಿ ಎನ್ನುವ ಗಿಡ ಯಾವುದು? ಈ ಒಂದು ಹೆಸರಿನಡಿ ನಮ್ಮಲ್ಲಿ ನಾಲ್ಕೈದು ಗಿಡ ಓಡಾಡುತ್ತಿವೆ. ಹಳೆಯ ಪುಸ್ತಕಗಳು ಎಲ್ಲವನ್ನೂ ಫಿಲಾಂತಸ್ ನಿರೂರಿ ಎಂದು ಒಂದೇ ಚೀಲಕ್ಕೆ ತುಂಬಿದವು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. ನಮ್ಮ ಹಿತ್ತಿಲಲ್ಲಿ ಹೆಚ್ಚಾಗಿ ಕಾಣುವುದು ಫಿಲಾಂತಸ್ ಅಮಾರಸ್, ಜೊತೆಗೆ ಅದೇ ಕುಲದ ಡೆಬಿಲಿಸ್, ಯುರಿನೇರಿಯಾ, ಮದರಾಸ್ಪಟೆನ್ಸಿಸ್. ಅಮಾರಸ್ ಕೂಡ ಮೂಲತಃ ಅಮೆರಿಕದ್ದೇ, ಮೆಣಸಿನಕಾಯಿಯ ಹಾಗೆ ಹಡಗು ಹತ್ತಿ ಬಂದದ್ದು ಎಂಬುದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಹಾಗಿದ್ದರೆ ನೆಲನೆಲ್ಲಿಯ ಸಂಸ್ಕೃತ ಹೆಸರೆಂದು ಹೇಳುವ ಚರಕ ಸಂಹಿತೆಯ ತಾಮಲಕೀ ಈ ಗಿಡವಾಗಿರಲು ಸಾಧ್ಯವಿಲ್ಲ. ಅಂದಹಾಗೆ, ಚರಕ ಅದನ್ನು ಎಣಿಸಿದ್ದು ಕೆಮ್ಮು ಮತ್ತು ಉಬ್ಬಸದ ಗಣಗಳಲ್ಲಿ. 'ಐದು ಸಾವಿರ ವರ್ಷದಿಂದ ಕಾಮಾಲೆಗೆ ಇದೇ' ಎನ್ನುವವರು ಆ ಪುಟ ತೆರೆದು ನೋಡಿದ್ದರೆ ಒಳ್ಳೆಯದಿತ್ತು.

ಗುರುತು ಹಿಡಿಯಲು ಎಲೆ ಸಾಲದು. ಮುಟ್ಟಿದರೆ ಮುನಿಯ ಎಳೆ ಸಸಿ, ತಗಚೆಯ ಸಸಿ ಎಲ್ಲವೂ ಒಂದೇ ತರಹ ಕಾಣುತ್ತವೆ. ಕಡ್ಡಿಯನ್ನು ತಿರುಗಿಸಿ ಅಡಿಭಾಗ ನೋಡಿ. ಪ್ರತಿ ಎಲೆಯ ಬುಡದಲ್ಲೂ ಹೂವೋ ಕಾಯಿಯೋ ಸಾಲಾಗಿ ನೇತಾಡುತ್ತಿದ್ದರೆ ಅದು ಈ ಕುಲದ್ದು. ತಗಚೆಯಂಥ ಸಂಯುಕ್ತ ಎಲೆಗಳಲ್ಲಿ ಹಾಗೆ ಎಂದೂ ಬರುವುದಿಲ್ಲ. ಈಗ ಕಾಯಿ ನೋಡಿ. ಅಮಾರಸ್ಸಿನದು ಎರಡು ಮಿಲಿಮೀಟರಿನಷ್ಟು, ನುಣುಪು, ಸಣ್ಣ ತೊಟ್ಟು ಇದೆ. ಕಾಂಡ ಹಸಿರು, ಎಲೆ ಅಗಿದರೆ ಕಹಿ. ಯುರಿನೇರಿಯಾದ ಕಾಯಿಗೆ ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು, ಮೈ ತರಿತರಿ, ಕಾಂಡಕ್ಕೆ ಕೆಂಪು ಛಾಯೆ. ಅನುಮಾನವಿದ್ದರೆ ಬೀಜವನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ: ಅಮಾರಸ್ಸಿನ ಬೀಜದ ಬೆನ್ನಿಗೆ ಉದ್ದುದ್ದ ಗೆರೆ, ಯುರಿನೇರಿಯಾಕ್ಕೆ ಅಡ್ಡಡ್ಡ ಏಣು. ಮದರಾಸ್ಪಟೆನ್ಸಿಸ್‌ನ ಎಲೆ ಬುಡದತ್ತ ಬೆಣೆಯ ಹಾಗೆ ಕಿರಿದಾಗಿರುತ್ತದೆ. ಕೆಂಪು ಕಾಂಡದ್ದು ವಿಷವೇ ಎಂದು ಹೆದರಬೇಡಿ, ಆದರೆ ಅದು ಬೇರೆ ಗಿಡ. ಫಿಲಾಂತಿನ್ ಎಂಬ ಕಹಿ ಅಂಶಕ್ಕೆ ಹೆಸರಾದದ್ದು ಅಮಾರಸ್, ಅದೂ ಅದರ ಎಲೆ. ಎಲೆಯನ್ನೆಲ್ಲ ಬಿಸಾಡಿ ಬೇರು ಮಾತ್ರ ಅರೆಯುವ 'ಗುಟ್ಟಿನ ಮದ್ದು' ಯಾರು ಕಂಡುಹಿಡಿದರೋ ತಿಳಿಯದು.

ಪ್ರಮಾಣ. ಆಯುರ್ವೇದದ ಅಧಿಕೃತ ಔಷಧಕೋಶ ತಾಮಲಕೀಗೆ ಹೇಳುವುದು ರಸವಾದರೆ 10ರಿಂದ 20 ಮಿಲಿ, ಪುಡಿಯಾದರೆ 3ರಿಂದ 6 ಗ್ರಾಂ. 'ಒಂದು ಹಿಡಿ' ಅಳತೆಯಲ್ಲ. ಮಳೆಗಾಲದ ಬೆಳೆದ ಗಿಡಕ್ಕೂ ಬೇಸಿಗೆಯ ಬಡಕಲು ಗಿಡಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸ ಬರುತ್ತದೆ. ಕಾಯಿ ಕಟ್ಟಿದ ಗಿಡವನ್ನು ಬುಡಸಹಿತ ಕಿತ್ತು, ಬೇರಿನ ಮಣ್ಣು ಕೊಡವಿ, ಮೂರು ನೀರಲ್ಲಿ ತೊಳೆಯಿರಿ. ಕೊನೆಯ ನೀರು ಮತ್ತು ಅರೆಯುವಾಗ ಹಾಕುವ ನೀರು ಕುದಿಸಿ ಆರಿಸಿದ್ದಾಗಿರಲಿ. ಇಲ್ಲೇ ಹೆಚ್ಚಿನವರು ಎಡವುವುದು. ಹೆಪಟೈಟಿಸ್ ಎ, ಇ ಎರಡೂ ಕೊಳಕು ನೀರಿನಿಂದ ಬರುವ ಕಾಯಿಲೆ. ಯಾವ ಬಾವಿಯ ನೀರಿನಿಂದ ಮಗನಿಗೆ ಬಂತೋ ಅದೇ ಹಸಿ ನೀರಿನಲ್ಲಿ ಅರೆದು, ಉಳಿದದ್ದನ್ನು 'ಬರದ ಹಾಗೆ ತಡೆಯಲು' ಮನೆಮಂದಿಗೆಲ್ಲ ಹಂಚುತ್ತೀರಿ. ಅರೆದದ್ದನ್ನು ಬಟ್ಟೆಯಲ್ಲಿ ಹಿಂಡಿ, ಅಳತೆಯ ಮುಚ್ಚಳದಲ್ಲಿ ಅಳೆದು, ಕುದಿಸಿದ ಹಾಲಿನಲ್ಲೋ ಮನೆಯ ತಾಜಾ ಮಜ್ಜಿಗೆಯಲ್ಲೋ ಅಂದಂದೇ ಕೊಡಬಹುದು. ಆಡಿನ ಹಾಲೇ ಬೇಕೆಂಬುದು ಶಾಸ್ತ್ರಕ್ಕೆ, ಅಷ್ಟೇ.

ಕೊಡಬಹುದು ಎಂದೆ, ಕೊಟ್ಟರೆ ವಾಸಿಯಾಗುತ್ತದೆ ಎನ್ನಲಿಲ್ಲ. 1988ರಲ್ಲಿ ಚೆನ್ನೈನ ಸಂಶೋಧಕರು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ಅಮಾರಸ್ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು, ಮದ್ದಿಲ್ಲದ ಹುಸಿಮಾತ್ರೆ ತಿಂದ 23 ಮಂದಿಯಲ್ಲಿ ಒಬ್ಬರದು ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡ್ ಮೊದಲಾದ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಕಾಮಾಲೆಗೆ ಗಿಡದ ಮದ್ದು ಕೊಡುವ ಕೇಂದ್ರಗಳು ಮೊದಲ ವರದಿಯನ್ನು ಮಾತ್ರ ಗೋಡೆಗೆ ಅಂಟಿಸಿಕೊಂಡಿವೆ. ಅದೂ ಬಿ ವೈರಸ್ಸಿನ ಮಾತು, ನಿಮ್ಮ ಮಗನಿಗಿರುವುದು ಅದಲ್ಲದಿರಬಹುದು. ಎ ಮತ್ತು ಇ ಆದರೆ ಬಹುತೇಕ ಯುವಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಳದಿ ಏರಿ, ನಿಂತು, ಇಳಿಯಲು ಶುರುವಾಗುವ ಹೊತ್ತಿಗೇ ಜನ ಮದ್ದಿನವರ ಮನೆ ಸೇರುತ್ತಾರೆ, ಹೆಸರು ಗಿಡಕ್ಕೆ ಬರುತ್ತದೆ.

ಪಥ್ಯದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮೊದಲೇ ಅನ್ನ ಸೇರದೆ ವಾಂತಿ ಮಾಡುತ್ತಿರುವ ಹುಡುಗನಿಗೆ ಉಪ್ಪನ್ನೂ ಬಿಡಿಸಿ ಬರಿ ಗಂಜಿ ಕೊಟ್ಟರೆ ರಕ್ತದ ಸೋಡಿಯಂ ಇಳಿದು ಮಂಕಾಗುತ್ತಾನೆ. ಆ ಮಂಕು ಯಕೃತ್ತು ಸೋತದ್ದರಿಂದಲೋ ಉಪ್ಪಿಲ್ಲದ್ದರಿಂದಲೋ ಎಂದು ಮನೆಯಲ್ಲಿ ಹೇಳಲಾಗದು. ಉಪ್ಪು ಹಾಕಿ. ಜಿಡ್ಡು ವಾಕರಿಕೆ ತರಿಸಿದರೆ ಮಾತ್ರ ಕಡಿಮೆ ಮಾಡಿ. ಬೀದಿಯ ಕಬ್ಬಿನ ಹಾಲು ಬೇಡ, ಅದರ ಐಸಿನಲ್ಲೇ ಮತ್ತೊಂದು ಕಾಮಾಲೆ ಕಾದಿರುತ್ತದೆ. ಜ್ವರದ ಪ್ಯಾರಾಸಿಟಮಾಲನ್ನು ನಿಮ್ಮಷ್ಟಕ್ಕೆ ನುಂಗಿಸಬೇಡಿ. ಹಗಲು ನಿದ್ದೆ ರಾತ್ರಿ ಎಚ್ಚರ, ಮಾತು ತಡವರಿಕೆ, ವಸಡಿನಲ್ಲಿ ರಕ್ತ, ನಿಲ್ಲದ ವಾಂತಿ: ಇವುಗಳಲ್ಲಿ ಒಂದು ಕಂಡರೂ ಲೋಟ ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ, ಬೆಳಗಾಗಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರಿಗೆ ಈ ರಸ ಕೊಡಬೇಡಿ, ಸಕ್ಕರೆ ಇನ್ನೂ ಇಳಿದೀತು. ಗರ್ಭಿಣಿಗೆ ಖಂಡಿತ ಬೇಡ. ಬಸುರಿಯಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಹೆಪಟೈಟಿಸ್ ಇ ಜೀವ ತೆಗೆಯುವ ಕಾಯಿಲೆ. ಅಲ್ಲಿ ಗಿಡದ ಮಾತೇ ಇಲ್ಲ.

ಪ್ರಶ್ನೆ: ಮದ್ದು ಕೊಡುವವರು ಕೈಗೆ ಏನೋ ಸವರಿ ಸುಣ್ಣದ ನೀರಲ್ಲಿ ತೊಳೆಸಿದರು. ನೀರು ಹಳದಿಯಾಯಿತು. ಕಾಮಾಲೆ ಇಳಿದ ಹಾಗೆ ತಾನೇ?

ಮಾವಿನ ತೊಗಟೆಯ ರಸ ಸವರಿಕೊಂಡು ಸುಣ್ಣದ ನೀರಿಗೆ ಕೈ ಅದ್ದಿ, ಕಾಮಾಲೆ ಇಲ್ಲದ ನಿಮ್ಮ ಕೈಯೂ ಹಳದಿ ಬಿಡುತ್ತದೆ. ಮೂಗಿಗೆ ದೇವದಾಳಿ ಎಂಬ ಕಹಿ ಕಾಯಿಯ ರಸ ಬಿಟ್ಟು 'ಹಳದಿ ನೀರು' ಇಳಿಸುವುದೂ ಇದೇ ಜಾತಿಯದು, ಆದರೆ ಇದು ಅಪಾಯ. ಇಳಿಯುವುದು ಉರಿದ ಮೂಗಿನ ಒಳಪೊರೆಯ ನೀರು. ಮುಂಗೈಗೆ ಬರೆ ಹಾಕಿಸಿದವರಿಗೆ ಕಾಮಾಲೆಯ ಜೊತೆ ಒಂದು ಹುಣ್ಣೂ ಸಿಗುತ್ತದೆ.

ಪ್ರಶ್ನೆ: ಸೂರ್ಯೋದಯಕ್ಕೆ ಮುಂಚೆ, ಮಾತಾಡದೆ ಕಿತ್ತರೆ ಮಾತ್ರ ಗುಣ ಎನ್ನುತ್ತಾರೆ, ಹೌದೆ?

ಕತ್ತಲಲ್ಲಿ ಇದರ ಎಲೆ ಮಡಚಿಕೊಂಡಿರುತ್ತದೆ, ಪಕ್ಕದ ಕಳೆಯನ್ನು ಕಿತ್ತು ತರುವಿರಿ. ಬೆಳಕು ಹರಿಯಲಿ, ಮಾತೂ ಆಡಿ.

ಪ್ರಶ್ನೆ: ಹುಟ್ಟಿ ನಾಲ್ಕು ದಿನದ ಮಗುವಿಗೆ ಕಾಮಾಲೆ. ಒಂದು ಹನಿ ನೆಕ್ಕಿಸಬಹುದೆ?

ಬೇಡ. ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಬಿಲಿರುಬಿನ್ ಮೆದುಳಿಗೆ ಏರಿದರೆ ಹಿಂದಿರುಗಿ ಬರುವ ದಾರಿಯಿಲ್ಲ.

ಪ್ರಶ್ನೆ: ಮೂತ್ರಪಿಂಡದ ಕಲ್ಲು ಒಡೆಯುತ್ತದೆಯೆ?

'ಕಲ್ಲೊಡಕ' ಎಂದು ಹೆಸರು ಮಾಡಿದ್ದು ಬ್ರೆಜಿಲ್‌ನಲ್ಲಿ, ಅಲ್ಲಿನ ನಿರೂರಿ ಗಿಡ. ಮೂತ್ರದ ಕ್ಯಾಲ್ಸಿಯಂ ಹೆಚ್ಚಿದ್ದ ಕೆಲವರಲ್ಲಿ ಅದು ಇಳಿಯಿತೆಂಬ ಅಧ್ಯಯನ ಇದೆ. ಒಂದು ಸೆಂಟಿಮೀಟರಿನ ಕಲ್ಲನ್ನು ಯಾವ ಸೊಪ್ಪೂ ಪುಡಿ ಮಾಡುವುದಿಲ್ಲ.

ಪ್ರಶ್ನೆ: ಕುಂಡದಲ್ಲಿ ಬೆಳೆಸಲು ಬೀಜ ಬಿತ್ತಿದರೆ ಹುಟ್ಟುತ್ತಿಲ್ಲ.

ಕೊನೆಗೂ ಒಂದು ಒಳ್ಳೆಯ ಪ್ರಶ್ನೆ. ಬೀಜವನ್ನು ಮಣ್ಣಿನಡಿ ಹೂತಿದ್ದೀರಿ. ಧೂಳಿನಷ್ಟಿರುವ ಬೀಜ ಅರ್ಧ ಇಂಚು ಆಳದಿಂದ ಮೇಲೆ ಬರಲಾರದು. ತೇವದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ಬೆಳಕಿಗಿಟ್ಟು, ನೀರನ್ನು ತಟ್ಟೆಯಿಂದ ಕೆಳಗಡೆಯೇ ಉಣಿಸಿ. ಬೀಜ ಸಿಕ್ಕದಿದ್ದರೆ ಅದೂ ನಿಮ್ಮ ತಪ್ಪಲ್ಲ. ಒಣಗಿದ ಕಾಯಿ ಸಿಡಿದು ಆರು ಬೀಜವನ್ನೂ ದೂರ ಎರಚುತ್ತದೆ. ಕಾಯಿ ಹಸಿರು ಬಿಟ್ಟು ಕಂದಾಗುವ ಹೊತ್ತಿಗೆ ಇಡೀ ಗಿಡ ಕಿತ್ತು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗಿಹಾಕಿ, ಮೂರು ದಿನ ಚಟಪಟ ಸದ್ದು ಕೇಳುತ್ತಿರುತ್ತದೆ.