ಹಳಗನ್ನಡ ಕಲಿಯೋಕೆ ವ್ಯಾಕರಣದಿಂದಲೇ ಶುರು ಮಾಡಬೇಕಾ?

ಹಳಗನ್ನಡವನ್ನು ಒಬ್ಬರೇ ಕೂತು ಕಲಿಯಬಹುದಾ, ಮೊದಲು ವ್ಯಾಕರಣ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಬಹುದು. ಆದರೆ ವ್ಯಾಕರಣ ಆಮೇಲೆ ಇರಲಿ. ಮೊದಲು ಗಟ್ಟಿಯಾಗಿ ಓದಿ.

ನಾನು ದಾವಣಗೆರೆಯವನು. ಪಿಯುಸಿಯಲ್ಲಿ ವಿಭಕ್ತಿ ಪ್ರತ್ಯಯಗಳನ್ನೆಲ್ಲ ಒಪ್ಪಿಸಿದ್ದೆ. ಪರೀಕ್ಷೆ ಮುಗಿದ ತಿಂಗಳಿಗೆ ಒಂದೂ ನೆನಪಿರಲಿಲ್ಲ. ನನಗೆ ದಾರಿ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಪಕ್ಕದ ಹರಿಹರದಲ್ಲಿ. ಅಲ್ಲಿನ ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅಲ್ಲಿ ಶಾಸನದ ಕಲ್ಲುಗಳಿವೆ. ಶಾಸನಗಳ ಪಾಠವನ್ನು ಅಚ್ಚು ಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಗ್ರಂಥಮಾಲೆಯ ಚಿತ್ರದುರ್ಗ ಸಂಪುಟದ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಕಲ್ಲಿನ ಮುಂದೆ ನಿಂತು ಓದಿದೆ. (1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ, ಹಾಗಾಗಿ ಹರಿಹರ ಆ ಸಂಪುಟದಲ್ಲಿದೆ.)

ಶಾಸನವೇ ಯಾಕೆ? ನನ್ನ ತಮ್ಮ ಮಂಡಿಪೇಟೆಯ ಅಂಗಡಿಯಲ್ಲಿ ಕೂತು ಹಿಂದಿ ಕಲಿತ. ಗಿರಾಕಿ ಕೇಳ್ತಾನೆ, ಇವನು ಹೇಳ್ತಾನೆ, ತಪ್ಪಿದರೆ ಅಲ್ಲೇ ಗೊತ್ತಾಗುತ್ತೆ. ಹಳಗನ್ನಡದಲ್ಲಿ ಎದುರು ಮಾತಾಡೋರು ಯಾರೂ ಇಲ್ಲ. ಅದಕ್ಕೇ ಮುಂದಿನ ಮಾತನ್ನು ನಾವೇ ಊಹಿಸಬಹುದಾದ ಬರಹ ಬೇಕು. ದಾನಶಾಸನಗಳಲ್ಲಿ ಅವೇ ಮಾತು ಮತ್ತೆ ಮತ್ತೆ ಬರುತ್ತವೆ.

‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಕೊಟ್ಟರು’ ಅನ್ನೋದನ್ನೇ ನೋಡಿ. ಮದುವೆಯಲ್ಲಿ ಅಳಿಯನ ಕಾಲು ತೊಳೆದು ಧಾರೆ ಎರೆಯುತ್ತಾರೆ ಅಲ್ವಾ, ಅದೇ ಇದು. ಕರ್ಚಿ ಅಂದರೆ ತೊಳೆದು. ಕಾಲಂ ಅಂದರೆ ಕಾಲನ್ನು. ಇದೇ ‘ಅಂ’ ಶಾಸನದ ಕೊನೆಯಲ್ಲಿ ದಾನ ಕೆಡಿಸಿದವರಿಗೆ ಹಾಕೋ ಶಾಪದಲ್ಲಿ ‘ಕವಿಲೆಯಂ ಕೊಂದ’ ಅಂತ ಎದುರಾದಾಗ ಯಾರೂ ಹೇಳಿಕೊಡದೆ ನನಗೆ ಅರ್ಥ ಆಯಿತು. ಕವಿಲೆ ಅಂದರೆ ಹಸು. ದ್ವಿತೀಯಾ ವಿಭಕ್ತಿ ನನಗೆ ನಿಜವಾಗಿ ಬಂದಿದ್ದು ಆವತ್ತು.

ಪಕಾರದ ವಿಷಯವೂ ಹೀಗೇ. ಪಾಲ್, ಪುಲಿ, ಪೋಗು ಅಂತ ಬಾಯಿಬಿಟ್ಟು ಹೇಳಿ ನೋಡಿ. ಹಾಲು, ಹುಲಿ, ಹೋಗು ತಾವಾಗೇ ಕೇಳಿಸುತ್ತವೆ. ಸುಮ್ನೆ ಕಣ್ಣಲ್ಲಿ ಓದಿದರೆ ಇದು ಆಗಲ್ಲ.

ಹತ್ತು ಶಾಸನ ಹೀಗೆ ಓದಿದ ಮೇಲೆ ಹಳಗನ್ನಡದ ಜೈನ ಕಥೆಗಳ ಸಂಗ್ರಹವಾದ ವಡ್ಡಾರಾಧನೆಯ ಒಂದು ಕಥೆ ಹಿಡಿಯಿರಿ. ಅದು ಗದ್ಯ, ಛಂದಸ್ಸಿನ ಕಾಟ ಇಲ್ಲ. ಪಕ್ಕದಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇರಲಿ. 1894ರದ್ದಾದರೂ ಈಗಲೂ ಕೈಬಿಡೋ ಹಾಗಿಲ್ಲ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಆಮೇಲೆ ತೆಗೆಯಿರಿ. ಆಗ ಸೂತ್ರಗಳು ಗುರುತಿದ್ದವರ ಹಾಗೆ ಮಾತಾಡಿಸುತ್ತವೆ.

ಮೊಳಕಾಲ್ಮೂರಿನ ಬ್ರಹ್ಮಗಿರಿಯಿಂದ ಶುರು ಮಾಡಲಾ ಅಂತ ಕೆಲವರು ಕೇಳ್ತಾರೆ. ಅದು ಅಶೋಕನ ಶಾಸನ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಖಂಡಿತ ನೋಡಿ ಬನ್ನಿ, ಆದರೆ ಹಳಗನ್ನಡ ಅಲ್ಲಿ ಸಿಗಲ್ಲ.

ಹರಿಹರಕ್ಕೆ ಹೋಗೋದಾದರೆ ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲು ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತೆ.