ಕಾಸರಗೋಡಿನ ದೇವಸ್ಥಾನದ ಅನ್ನದಾನಕ್ಕೆ ಸೋಲಾರ್ ಅಡುಗೆ ಆಗುತ್ತದೆಯೇ?

ಆಗುತ್ತದೆ, ಆದರೆ ಸೋಲಾರ್ ಒಂದನ್ನೇ ನಂಬಿದರೆ ಮಳೆಗಾಲದಲ್ಲಿ ಊಟ ನಿಲ್ಲುತ್ತದೆ.

ಶಿರಡಿ ಸಾಯಿ ಸಂಸ್ಥಾನದಲ್ಲಿ 2009ರಲ್ಲಿ 73 ಶೆಫ್ಲರ್ ಡಿಶ್ ಹಾಕಿದರು. ಸೂರ್ಯನ ಜೊತೆ ತಿರುಗುವ ಈ ಡಿಶ್‌ಗಳ ಕನ್ನಡಿಗಳು ಬಿಸಿಲನ್ನು ಒಂದು ರಿಸೀವರ್ ಮೇಲೆ ಬೀಳಿಸುತ್ತವೆ. ಒಳಗಿನ ನೀರು ಹಬೆಯಾಗಿ ಪೈಪಿನಲ್ಲಿ ಅಡುಗೆಮನೆಗೆ ಬರುತ್ತದೆ. ಅನ್ನ, ಬೇಳೆ, ತರಕಾರಿ ಚೆನ್ನಾಗಿ ಬೇಯುತ್ತವೆ. ಒಗ್ಗರಣೆಗೆ, ಕರಿಯುವುದಕ್ಕೆ ಮಾತ್ರ ಗ್ಯಾಸ್ ಬೇಕೇ ಬೇಕು.

ಡಿಶ್‌ಗೆ ನೇರ ಬಿಸಿಲೇ ಆಗಬೇಕು. ಮೋಡದಿಂದ ಚದುರಿ ಬರುವ ಬೆಳಕನ್ನು ಕನ್ನಡಿ ಒಂದೆಡೆ ಸೇರಿಸಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಆಕಾಶ ಹೇಗಿರುತ್ತದೆ ಗೊತ್ತಲ್ವಾ? ಸುತ್ತಲಿನ ತೆಂಗು, ಕಂಗಿನ ನೆರಳೂ ಬೀಳಬಾರದು. ಹಾಗಾಗಿ ಸೌದೆ ಅಥವಾ ಗ್ಯಾಸಿನ ಬಾಯ್ಲರ್ ಜೊತೆಗಿರಲಿ.

ನನ್ನ ಸಲಹೆ ಕೇಳಿದರೆ, ಮೊದಲು ಚಾವಣಿ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿ. ಖರ್ಚು ಬಹಳ ಕಡಿಮೆ. 30 ಡಿಗ್ರಿಯ ನೀರಿನ ಬದಲು 60 ಡಿಗ್ರಿಯದನ್ನು ಕೊಪ್ಪರಿಗೆಗೆ ಸುರಿದರೆ, ಕುದಿ ಬರಿಸುವ ಶಾಖದಲ್ಲಿ ಸುಮಾರು ಶೇ. 40 ಉಳಿಯುತ್ತದೆ. ಕುಚ್ಚಲಕ್ಕಿಗೆ ನೀರು ಜಾಸ್ತಿ ಬೇಕು, ಬೇಯಲು ಹೊತ್ತೂ ಹಿಡಿಯುತ್ತದೆ; ಹಾಗಾಗಿ ಬಿಸಿನೀರಿನಿಂದ ಉಳಿತಾಯ ಚೆನ್ನಾಗಿ ಗೊತ್ತಾಗುತ್ತದೆ. ಅಡುಗೆಯವರು ಒಲೆಯ ಹೊಗೆಯಲ್ಲಿ ನಿಲ್ಲುವ ಹೊತ್ತೂ ಅಷ್ಟು ಕಡಿಮೆಯಾಗುತ್ತದೆ.